ಎಲ್ಲ ಇದೆ, ಓಡೋದೊಂದು ಬಿಟ್ಟು

ನನ್ನ ಗೆಳೆಯನ ಕಾರಿನಲ್ಲಿ ಹೋಗುವಾಗ ಹಂಪ್ ಬಂದರೆ ಎಲ್ಲರೂ ಇಳಿಯಬೇಕು. ಹತ್ತುವ ಮೊದಲೇ ಆಗಿರುವ ಒಪ್ಪಂದ ಇದು. ನಾವು ಮೂವರು ಇಳಿದು ರಸ್ತೆ ಬದಿಗೆ ನಿಲ್ಲುತ್ತೇವೆ. ಅವನು ಕಾರನ್ನು ಓರೆ ಮಾಡಿ, ಉಸಿರು ಬಿಗಿಹಿಡಿದು, ಒಂದೊಂದೇ ಚಕ್ರವನ್ನು ದಾಟಿಸುತ್ತಾನೆ. ಹಿಂದೆ ಹಾರ್ನುಗಳ ಮೇಳ. ಯಾರೋ ಸೈಕಲ್ಲಿನವರು ಬಂದು, ನಮ್ಮನ್ನು ನೋಡಿ ನಕ್ಕು, ದಾಟಿ ಹೋಗಿಯೂ ಬಿಡುತ್ತಾರೆ. ಕಾರಿನ ಹೊಟ್ಟೆ ಕರ್ ಅಂದರೆ ಸಾಕು, ಇವನ ಮುಖ ಹಲ್ಲುನೋವು ಬಂದವನ ಹಾಗಾಗುತ್ತದೆ.

ಕಂಪನಿಯಿಂದ ಬಂದಾಗ ಈ ಕಾರು ಹಂಪ್ ದಾಟುತ್ತಿತ್ತು. ನಾಲ್ಕು ಜನರನ್ನು ಕೂರಿಸಿಕೊಂಡು, ಯಾರನ್ನೂ ಇಳಿಸದೆ, ಆರಾಮಾಗಿ ದಾಟುತ್ತಿತ್ತು. ಆಮೇಲೆ ಇವನು ಅದನ್ನು ಸುಧಾರಿಸಿದ.

ಕಾರು ಮಾಡಿಫೈ ಮಾಡುವವರ ಲೆಕ್ಕವೇ ಬೇರೆ. ದುಡ್ಡು ಸುರಿದಷ್ಟೂ ಕಾರು ಮಾಡುವ ಕೆಲಸ ಕಡಿಮೆಯಾಗಬೇಕು. ಹತ್ತು ಸಾವಿರ ಸುರಿದರೆ ಹಂಪ್ ದಾಟಬಾರದು. ಲಕ್ಷ ಸುರಿದರೆ ಮಳೆಯಲ್ಲಿ ಹೊರಗೆ ಬರಬಾರದು. ಇನ್ನೂ ಜಾಸ್ತಿ ಸುರಿದರೆ ಅದು ಉತ್ಸವಮೂರ್ತಿ. ಸ್ವಂತ ಕಾಲಲ್ಲಿ ನಡೆಯುವ ಮಾತೇ ಇಲ್ಲ, ಲಾರಿಯ ಮೇಲೆ ಹೊತ್ತುಕೊಂಡೇ ತರಬೇಕು. ಅಮೆರಿಕದವರು ಇದಕ್ಕೆ 'ಟ್ರೈಲರ್ ಕ್ವೀನ್' ಅಂತ ಹೆಸರಿಟ್ಟಿದ್ದಾರೆ. ಟ್ರೈಲರಿನ ಮಹಾರಾಣಿ. ಪಲ್ಲಕ್ಕಿ ಬಿಟ್ಟು ಇಳಿಯುವುದಿಲ್ಲ.

ಚಕ್ರಗಳ ವಿಷಯಕ್ಕೆ ಬನ್ನಿ. ಚಕ್ರ ಅಂದರೆ ನೆಟ್ಟಗೆ ನಿಲ್ಲಬೇಕು ಅಂತ ನೀವು, ನಾನು ತಿಳಿದಿದ್ದೇವೆ. ತಪ್ಪು. ಈಗ ಅದರ ತಲೆ ಒಳಕ್ಕೆ ವಾಲಿ, ಕಾಲು ಹೊರಕ್ಕೆ ಚಾಚಿರಬೇಕು. ಆಗ ತಾನೇ ಹುಟ್ಟಿದ ಕರು ಎದ್ದು ನಿಲ್ಲುವ ಹಾಗೆ. ಜಪಾನಿನಲ್ಲಿ ಇದಕ್ಕೆ 'ಓನಿಕ್ಯಾನ್' ಅನ್ನುತ್ತಾರೆ. 'ಓನಿ' ಅಂದರೆ ರಾಕ್ಷಸ. ರಾಕ್ಷಸ ವಾಲು ಅನ್ನಿ. ಹೀಗೆ ಮಾಡಿದರೆ ಟೈರಿನ ಒಳಅಂಚು ಮಾತ್ರ ರಸ್ತೆಗೆ ತಾಗುತ್ತದೆ, ಉಳಿದದ್ದು ಗಾಳಿಯಲ್ಲಿ. ನಾಲ್ಕು ಅಗಲ ಟೈರಿಗೆ ದುಡ್ಡು ಕೊಟ್ಟು, ಸೈಕಲ್ ಟೈರಿನಷ್ಟು ಮಾತ್ರ ಬಳಸುವುದು. ಆ ಅಂಚು ಬೇಗ ಸವೆದು ಹೋಗುತ್ತದೆ. ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಅದನ್ನು ಹೇಳಿದರೆ, 'ನಿಂಗೆ ಸ್ಟಾನ್ಸ್ ಅರ್ಥ ಆಗಲ್ಲ' ಅನ್ನುತ್ತಾನೆ ನನ್ನ ಗೆಳೆಯ. ಸ್ಟಾನ್ಸ್ ಅಂದರೆ ಕಾರು ನಿಲ್ಲುವ ಭಂಗಿ. ನಿಜ, ನನಗೆ ನಿಲ್ಲುವುದು ಮಾತ್ರ ಅರ್ಥವಾಗುತ್ತದೆ. ಅದೂ ಬ್ರೇಕ್ ಒತ್ತಿದಾಗ.

ಕಾರನ್ನು ನೆಲಕ್ಕೆ ತಗ್ಗಿಸುವ ಈ ಹುಚ್ಚಿಗೆ ದೊಡ್ಡ ಇತಿಹಾಸವೇ ಇದೆ. ಕ್ಯಾಲಿಫೋರ್ನಿಯಾದಲ್ಲಿ 1958ರಲ್ಲಿ ಒಂದು ಕಾನೂನು ಬಂತು. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗೆ ಇರುವ ಹಾಗೆ ಮಾಡಿಫೈ ಮಾಡಬಾರದು. ಹಾಗಾಗಿ ಪೊಲೀಸರು ಕಾರು ನಿಲ್ಲಿಸಿ, ಬಗ್ಗಿ ನೋಡುವುದು ಶುರುವಾಯಿತು. ಅವರ ಕಣ್ಣು ಮೆಕ್ಸಿಕನ್ ಮೂಲದ ಹುಡುಗರ ಕಾರಿನ ಮೇಲೇ ಜಾಸ್ತಿ ಬೀಳುತ್ತಿತ್ತು, ಅದು ಬೇರೆ ಮಾತು. ಸರಿ, ಮರುವರ್ಷವೇ ರಾನ್ ಅಗೀರೆ ಎಂಬಾತ ತನ್ನ 1957ರ ಕಾರ್ವೆಟ್ ಕಾರಿಗೆ ಹಳೆಯ ವಿಮಾನದ ಹೈಡ್ರಾಲಿಕ್ ಪಂಪು ಕೂರಿಸಿದ. ಸ್ವಿಚ್ ಒತ್ತಿದರೆ ಕಾರು ಇಳಿಯುತ್ತದೆ, ಇನ್ನೊಮ್ಮೆ ಒತ್ತಿದರೆ ಏಳುತ್ತದೆ. ಪೊಲೀಸ್ ಕಂಡರೆ ಎದ್ದು ನಿಲ್ಲುವುದು, ಹೋದ ಮೇಲೆ ಕೂರುವುದು. ಮೇಷ್ಟ್ರು ಬಂದಾಗ ಕ್ಲಾಸಿನ ಮಕ್ಕಳು ಮಾಡುವ ಹಾಗೆ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಗಾದೆಯನ್ನು ಇಷ್ಟು ನಿಯತ್ತಾಗಿ ಪಾಲಿಸಿದವರು ಬೇರೆ ಯಾರೂ ಇರಲಿಕ್ಕಿಲ್ಲ. ರಂಗೋಲಿಗೂ ಕಾರಿಗೂ ನಡುವೆ ಕೂದಲು ತೂರುವಷ್ಟು ಜಾಗ ಬಿಟ್ಟರು, ಅಷ್ಟೇ.

ಆ ಕಾನೂನು ಹೋಗಿದ್ದು ಯಾವಾಗ ಗೊತ್ತಾ? 2024ರ ಜನವರಿಯಲ್ಲಿ. ಅರುವತ್ತು ವರ್ಷ ದಾಟಿದ ಮೇಲೆ. ಅಷ್ಟರಲ್ಲಿ ಆ ಹೈಡ್ರಾಲಿಕ್ ಕಾರುಗಳು ರಸ್ತೆಯಲ್ಲಿ ಕುಪ್ಪಳಿಸುವುದನ್ನೂ ಕಲಿತಿದ್ದವು. ತಗ್ಗಬೇಡ ಅಂದಿದ್ದಕ್ಕೆ ನೆಗೆಯುವುದನ್ನು ಕಲಿತವು!

ತಗ್ಗಿಸುವವರ ಕಥೆ ಇದಾದರೆ, ಅಮೆರಿಕದ ಇನ್ನೊಂದು ಮೂಲೆಯಲ್ಲಿ ಎತ್ತುವವರು ಹುಟ್ಟಿಕೊಂಡರು. ಎತ್ತಿದರೂ ಪೂರ್ತಿ ಎತ್ತಲಿಲ್ಲ. ಟ್ರಕ್ಕಿನ ಮುಂಭಾಗ ಮಾತ್ರ ಆಕಾಶಕ್ಕೆ, ಹಿಂಭಾಗ ನೆಲಕ್ಕೆ. ಇದರ ಹೆಸರು 'ಕ್ಯಾರೊಲೈನಾ ಸ್ಕ್ವಾಟ್'. ಸ್ಕ್ವಾಟ್ ಅಂದರೆ ಕುಕ್ಕರುಗಾಲಲ್ಲಿ ಕೂರುವುದು. ಮರುಭೂಮಿಯಲ್ಲಿ ರೇಸ್ ಓಡಿಸುವ ಟ್ರಕ್ಕುಗಳ ನಕಲಂತೆ. ಅಲ್ಲಿ ದಿಬ್ಬದಿಂದ ಹಾರುವ ಟ್ರಕ್ಕು ಮೂಗು ಕುಟ್ಟಿಕೊಳ್ಳದೆ ಇಳಿಯಬೇಕು, ಅದಕ್ಕೊಂದು ಅರ್ಥ ಇದೆ. ಇಲ್ಲಿ ಹಾರುವುದಕ್ಕೆ ಏನಿದೆ? ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗು. ಓಡಿಸುವವನಿಗೆ ಕಾಣುವುದು ಬಾನೆಟ್ಟು, ಅದರಾಚೆ ಮೋಡ. ಮುಂದೆ ಮಗು ನಿಂತಿದ್ದರೆ ಕಾಣುವುದಿಲ್ಲ. ರಾತ್ರಿ ಹೆಡ್‌ಲೈಟು ರಸ್ತೆ ಬಿಟ್ಟು ನಕ್ಷತ್ರಗಳಿಗೆ ದಾರಿ ತೋರಿಸುತ್ತದೆ. ಕೊನೆಗೆ ನಾರ್ತ್ ಕ್ಯಾರೊಲೈನಾದವರು 2021ರಲ್ಲಿ ಕಾನೂನು ತಂದರು. ಮುಂದಿನ ಫೆಂಡರ್, ಅಂದರೆ ಚಕ್ರದ ಮೇಲಿನ ತಗಡು, ಹಿಂದಿನದಕ್ಕಿಂತ 4 ಇಂಚು ಅಥವಾ ಅದಕ್ಕಿಂತ ಜಾಸ್ತಿ ಎತ್ತರ ಇರಬಾರದು. ವರ್ಜೀನಿಯಾ, ಸೌತ್ ಕ್ಯಾರೊಲೈನಾ ಹಿಂದೆಯೇ ಬಂದವು. ಎದುರಿನ ರಸ್ತೆ ಕಾಣುವ ಹಾಗೆ ಗಾಡಿ ಓಡಿಸಿ ಅಂತ ಹೇಳುವುದಕ್ಕೂ ಶಾಸನಸಭೆ ಸೇರಬೇಕಾಯಿತು. ಹೇಳಲಿಲ್ಲ ಅಂದರೆ ತಪ್ಪು ಅವರದ್ದೇ ಆಗುತ್ತಿತ್ತು ನೋಡಿ.

ಮೊದಲು ಹೀಗಿರಲಿಲ್ಲ ಅನ್ನುವುದೇ ಬೇಸರ. ಬಾಬ್ ಹಿರೊಹಾಟಾ ಎಂಬ ಹುಡುಗ ತನ್ನ 1951ರ ಮರ್ಕ್ಯುರಿ ಕಾರನ್ನು ಬ್ಯಾರಿಸ್ ಸಹೋದರರ ಗ್ಯಾರೇಜಿಗೆ ಕೊಟ್ಟ. ಅವರು ಅದರ ಚಾವಣಿ ಕೊಯ್ದು ತಗ್ಗಿಸಿ, ಮೈಯನ್ನೆಲ್ಲ ತಿದ್ದಿ, ತಿಳಿ ಹಸಿರು ಬಳಿದು ಕೊಟ್ಟರು. ಹುಡುಗ ಏನು ಮಾಡಿದ? ಅದನ್ನು ಓಡಿಸಿದ! 1953ರಲ್ಲಿ ಕ್ಯಾಲಿಫೋರ್ನಿಯಾದಿಂದ ಇಂಡಿಯಾನಾಪೊಲಿಸ್ ತನಕ ತಾನೇ ಓಡಿಸಿಕೊಂಡು ಹೋದ. ಸಾವಿರಾರು ಕಿಲೋಮೀಟರು. ಆಮೇಲೆ ಅದು ಕೈ ಬದಲಾಯಿಸಿ, ಹಳೇ ಕಾರುಗಳ ಸಾಲಿಗೆ ಸೇರಿ, ಒಬ್ಬ ಹುಡುಗನಿಗೆ 500 ಡಾಲರಿಗೆ ಸಿಕ್ಕಿತು. ಅವನೂ ಓಡಿಸಿದ. ಅಂದರೆ ಅದು ಕಾರಾಗಿಯೇ ಇತ್ತು. ನಂತರ ಅದಕ್ಕೆ ಮರ್ಯಾದೆ ಬಂತು. 2017ರಲ್ಲಿ ವಾಷಿಂಗ್ಟನ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಂತಿತು. 2022ರಲ್ಲಿ ಹರಾಜಾದಾಗ ಬೆಲೆ ಸುಮಾರು 20 ಲಕ್ಷ ಡಾಲರು. ಇನ್ನು ಅದನ್ನು ಹೊರಗೆ ತೆಗೆಯುವ ಧೈರ್ಯ ಯಾರಿಗಿದೆ?

ಚಿತ್ರವಿಚಿತ್ರ ಕಾರು ಕಟ್ಟುತ್ತಿದ್ದ ಎಡ್ ರಾತ್ ಅವರ 'ಬೀಟ್‌ನಿಕ್ ಬ್ಯಾಂಡಿಟ್' ಕಾರಿನದು ಇನ್ನೂ ಮಜಾ. 1961ರ ಹೊತ್ತಿಗೆ ತಯಾರಾದದ್ದು. ಚಾವಣಿಯ ಬದಲು ಪಾರದರ್ಶಕ ಪ್ಲಾಸ್ಟಿಕ್ಕಿನ ಗುಳ್ಳೆ. ಸ್ಟಿಯರಿಂಗಿನ ಬದಲು ಒಂದು ಕೋಲು, ಎಲ್ಲವೂ ಅದರಲ್ಲೇ. ಬಿಸಿಲಿನಲ್ಲಿ ಆ ಗುಳ್ಳೆಯೊಳಗೆ ಕೂತವನ ಗತಿ ಏನು ಅಂತ ಕೇಳಬೇಡಿ, ಇಡ್ಲಿ ಪಾತ್ರೆಯೊಳಗಿನ ಇಡ್ಲಿಯನ್ನು ಯಾರೂ ಕೇಳುವುದಿಲ್ಲ. ಆ ಕಾರು ಈಗ ಮ್ಯೂಸಿಯಮ್ಮಿನಲ್ಲಿದೆ. 1968ರಲ್ಲಿ ಹಾಟ್ ವೀಲ್ಸ್ ಕಂಪನಿ ಆಟಿಕೆ ಕಾರುಗಳನ್ನು ಶುರು ಮಾಡಿದಾಗ, ಮೊದಲ 16 ಕಾರುಗಳಲ್ಲಿ ಇದರ ಪುಟ್ಟ ರೂಪವೂ ಇತ್ತು. ಅದು ಮಾತ್ರ ಚೆನ್ನಾಗಿ ಓಡಿತು. ಮಂಚದ ಕೆಳಗೆ, ಮೆಟ್ಟಿಲ ಮೇಲೆ, ಅಜ್ಜನ ಬೆನ್ನ ಮೇಲೆ. ಅಸಲಿಗಿಂತ ಅದರ ಆಟಿಕೆಯೇ ಜಾಸ್ತಿ ದೂರ ಹೋಗಿದೆ ಅಂತ ನಾನು ಪಂದ್ಯ ಕಟ್ಟಲು ತಯಾರು.

ತುಕ್ಕಿನ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ. ಮನುಷ್ಯ ನೂರು ವರ್ಷ ಕಷ್ಟಪಟ್ಟು ಕಾರಿಗೆ ತುಕ್ಕು ಹಿಡಿಯದ ಹಾಗೆ ಮಾಡಿದ. ಈಗ 'ರ‍್ಯಾಟ್ ರಾಡ್' ಅಂತ ಒಂದು ಪಂಥ ಇದೆ. ಒಳ್ಳೆಯ ಪೇಂಟನ್ನು ಉಜ್ಜಿ ತೆಗೆದು, ಉಪ್ಪು, ವಿನೆಗರ್ ಹಾಕಿ ತುಕ್ಕು ಬರಿಸುತ್ತಾರೆ. ತುಕ್ಕು ಹದವಾಗಿ ಬಂದ ಮೇಲೆ, ಅದು ಕೆಡಬಾರದು ಅಂತ ಮೇಲೊಂದು ಕೋಟು ವಾರ್ನಿಷ್! ತುಕ್ಕಿಗೇ ತುಕ್ಕು ಹಿಡಿದೀತು ಅನ್ನುವ ಭಯ.

'ನೀನು ಬರೀ ಶೋಕಿಯವರನ್ನು ಹಿಡಿದುಕೊಂಡು ಬೈತೀಯ. ರೇಸಿನವರನ್ನು ನೋಡು' ಅಂದ ಗೆಳೆಯ. ನೋಡಿದೆ.

ಡ್ರ್ಯಾಗ್ ರೇಸಿನಲ್ಲಿ 'ಟಾಪ್ ಫ್ಯುಯಲ್' ಅಂತ ಒಂದು ವರ್ಗ ಇದೆ. ಸೂಜಿಯ ಹಾಗೆ ಉದ್ದ ಗಾಡಿ. ಎಂಜಿನ್ ಸುಮಾರು 11,000 ಕುದುರೆ ಬಲದ್ದು. ಕುಡಿಯುವುದು ಪೆಟ್ರೋಲ್ ಅಲ್ಲ, ನೈಟ್ರೋಮೀಥೇನ್. ನೆಟ್ಟಗೆ ಓಡಬೇಕು, ಅಷ್ಟೇ. ತಿರುವು ಇಲ್ಲ. ದೂರ 1,000 ಅಡಿ, ಅಂದರೆ ಸುಮಾರು 305 ಮೀಟರ್. ಮೊದಲು ಕಾಲು ಮೈಲಿ ಇತ್ತು. 2008ರಲ್ಲಿ ಸ್ಕಾಟ್ ಕಲಿಟ್ಟಾ ಎಂಬ ರೇಸರ್ ತೀರಿಕೊಂಡ ಮೇಲೆ ಕಡಿಮೆ ಮಾಡಿದರು. ಆ ದೂರವನ್ನು ನಾಲ್ಕು ಸೆಕೆಂಡಿಗೂ ಮೊದಲೇ ಮುಗಿಸುತ್ತದೆ. ಕೊನೆ ಮುಟ್ಟುವಾಗ ವೇಗ ಗಂಟೆಗೆ 530 ಕಿಲೋಮೀಟರಿಗೂ ಜಾಸ್ತಿ. ನಿಲ್ಲಿಸುವುದಕ್ಕೆ ಪ್ಯಾರಾಚೂಟು ಬೇಕು.

ನಾನು ಸಂಸಾರಸ್ಥ. ತಡೆಯಲಾಗದೆ ಮೈಲೇಜು ಲೆಕ್ಕ ಹಾಕಿದೆ. ಚಕ್ರ ಬಿಸಿ ಮಾಡುವುದೂ ಸೇರಿ ಒಂದು ಓಟಕ್ಕೆ ಸುಮಾರು 50 ಲೀಟರ್ ಬೇಕು. ಓಡಿದ್ದು 305 ಮೀಟರ್. ಲೀಟರಿಗೆ ಆರು ಬರುತ್ತದೆ. ಕಿಲೋಮೀಟರ್ ಅಲ್ಲ ಸ್ವಾಮಿ, ಮೀಟರ್. ಗೇಟಿನಿಂದ ಬಾಗಿಲ ತನಕ ಬರುವುದಕ್ಕೆ ಒಂದು ಲೀಟರ್. ಚಪ್ಪಲಿ ಮರೆತು ವಾಪಸ್ ಹೋದರೆ ಇನ್ನೊಂದು.

ಅಷ್ಟಕ್ಕೇ ಮುಗಿಯಲಿಲ್ಲ. ನಿಮಿಷಕ್ಕೆ 8,000 ಸುತ್ತು ಅಂತ ಹಿಡಿದರೂ, ಆ ನಾಲ್ಕು ಸೆಕೆಂಡಿನಲ್ಲಿ ಎಂಜಿನ್ ಸುತ್ತುವುದು ಐನೂರು ಚಿಲ್ಲರೆ ಬಾರಿ. ನಿಮ್ಮ ಮನೆಯ ಕಾರು ಸಿಗ್ನಲ್ಲಿನಲ್ಲಿ ಸುಮ್ನೆ ನಿಂತು, ಒಂದು ನಿಮಿಷದೊಳಗೆ ಅಷ್ಟು ಸುತ್ತು ಸುತ್ತಿರುತ್ತದೆ, ನೀವು ಮೊಬೈಲ್ ನೋಡುತ್ತಿರುವಾಗ. ಅಷ್ಟಕ್ಕೇ ಆ ಎಂಜಿನ್ನಿಗೆ ಸುಸ್ತು. ಓಟ ಮುಗಿದ ಕೂಡಲೇ ಒಂದು ತಂಡ ಮುತ್ತಿಕೊಂಡು ಅದನ್ನು ಪೂರ್ತಿ ಬಿಚ್ಚುತ್ತದೆ. ಪಿಸ್ಟನ್ನು, ಕ್ಲಚ್ಚು ಎಲ್ಲ ನೋಡಿ, ಬದಲಿಸಿ, ಒಂದು ಗಂಟೆಯ ಆಸುಪಾಸಿನಲ್ಲಿ ಮತ್ತೆ ಕಟ್ಟುತ್ತದೆ. ಆಮೇಲೆ ಮತ್ತೆ ನಾಲ್ಕು ಸೆಕೆಂಡು. ಮದುವೆಗೆ ಆರು ತಿಂಗಳು ಓಡಾಡಿ, ತಾಳಿ ಕಟ್ಟುವ ಕ್ಷಣದಲ್ಲಿ ಕಣ್ಣಿಗೆ ಧೂಳು ಬಿದ್ದವರ ಗತಿ ಇಲ್ಲಿನ ಪ್ರೇಕ್ಷಕರದ್ದು. ಸೀನಿದರೆ ರೇಸ್ ಮುಗಿದಿರುತ್ತದೆ.

ಆದರೂ ಒಂದು ಸತ್ಯ ಒಪ್ಪಿಕೊಳ್ಳಬೇಕು. ಆ ಸದ್ದು ಕಿವಿಗಲ್ಲ, ಪಕ್ಕೆಲುಬಿಗೆ ಕೇಳಿಸುತ್ತದೆ ಅನ್ನುತ್ತಾರೆ ನೋಡಿ ಬಂದವರು. ನನಗೂ ಒಮ್ಮೆ ಹೋಗಬೇಕು ಅನ್ನಿಸಿದೆ. ಇದನ್ನು ಗೆಳೆಯನಿಗೆ ಹೇಳಿಲ್ಲ.

ಇನ್ನು ಅಮೆರಿಕದ ಯೂಟಾದ ಬಾನವಿಲ್ ಉಪ್ಪಿನ ಬಯಲಿನವರು. ಅಲ್ಲಿ 1949ರಿಂದ 'ಸ್ಪೀಡ್ ವೀಕ್' ಎಂಬ ವೇಗದ ಸ್ಪರ್ಧೆ ನಡೆಯುತ್ತಿದೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಹತ್ತು ಹದಿನೈದು ವರ್ಷ ಕೂತು ಗಾಡಿ ಕಟ್ಟಿದವರು ಬರುತ್ತಾರೆ. ಒಮ್ಮೆ ಓಡಿ ಹಳೆಯ ದಾಖಲೆ ಮೀರಿದರೆ ಸಾಲದು. ಗಾಡಿಯನ್ನು ಕಾವಲಿನಲ್ಲಿಟ್ಟು, ಮರುದಿನ ಬೆಳಿಗ್ಗೆ ಮತ್ತೆ ಓಡಿಸಬೇಕು. ಎರಡರ ಸರಾಸರಿಯೇ ದಾಖಲೆ. ಅದು ಗಂಟೆಗೆ 200 ಮೈಲಿ ದಾಟಿದ ದಾಖಲೆಯಾದರೆ ಒಂದು ಕ್ಲಬ್ಬಿಗೆ ಸೇರಿಸಿಕೊಳ್ಳುತ್ತಾರೆ. ಸಿಗುವುದೇನು? ಕೆಂಪು ಟೋಪಿ. ಹೌದು, ಟೋಪಿ. ಹೆಂಡತಿಯ ತಾಳ್ಮೆ, ಮನೆಯ ಉಳಿತಾಯ, ತಲೆಗೂದಲು ಎಲ್ಲ ಕಳೆದುಕೊಂಡವನಿಗೆ ಕೊನೆಗೆ ಟೋಪಿ ಹಾಕುತ್ತಾರೆ. ಕನ್ನಡದಲ್ಲಿ ಇದಕ್ಕೆ ಬೇರೆ ಅರ್ಥ ಇದೆ ಅಂತ ಅವರಿಗೆ ಯಾರೂ ಹೇಳಿದ ಹಾಗಿಲ್ಲ. 2014ರಲ್ಲಿ, 2015ರಲ್ಲಿ ಉಪ್ಪು ಹದವಾಗಿಲ್ಲ ಅಂತ ಸ್ಪೀಡ್ ವೀಕೇ ರದ್ದಾಯಿತು. ಎರಡು ವರ್ಷ ಆ ಟೋಪಿಯೂ ಇಲ್ಲ.

ಇವರೆಲ್ಲರ ನಡುವೆ ನನಗೆ ಹಿಡಿಸಿದವರು ಒಬ್ಬರೇ. '24 ಅವರ್ಸ್ ಆಫ್ ಲೆಮನ್ಸ್' ಅಂತ 2006ರಲ್ಲಿ ಶುರುವಾದ ರೇಸಿನವರು. ಅಮೆರಿಕನ್ನರ ಭಾಷೆಯಲ್ಲಿ ಲೆಮನ್ ಅಂದರೆ ಡಬ್ಬಾ ಗಾಡಿ. ಇಲ್ಲಿಗೆ ತರುವ ಕಾರಿನ ಬೆಲೆ 500 ಡಾಲರ್ ಮೀರಬಾರದು. ಹೆಲ್ಮೆಟ್ಟು, ಬ್ರೇಕು, ಒಳಗಿನ ಕಬ್ಬಿಣದ ಪಂಜರ ಈ ಲೆಕ್ಕಕ್ಕೆ ಸೇರುವುದಿಲ್ಲ. ಜಡ್ಜುಗಳಿಗೆ ಬಹಿರಂಗವಾಗಿ ಲಂಚ ಕೊಡಬಹುದು. ದೊಡ್ಡ ಬಹುಮಾನ ಮೊದಲು ಬಂದವನಿಗಲ್ಲ. 'ಇದು ಖಂಡಿತ ಓಡಲ್ಲ' ಅಂತ ಎಲ್ಲರೂ ಅಂದುಕೊಂಡ ಕಾರನ್ನು ಓಡಿಸಿ ತೋರಿಸಿದವನಿಗೆ. ಓಡಿದ್ದಕ್ಕೆ ಬಹುಮಾನ! ಈ ಜನರ ಮಧ್ಯೆ ಕ್ರಾಂತಿ ಅಂದರೆ ಇದೇ.

ಇಲ್ಲಿನ ಹೆಸರುವಾಸಿ ಕಾರು ಕಟ್ಟಿದವರು ವಾಷಿಂಗ್ಟನ್‌ನ ಒಬ್ಬ ಪೊಲೀಸ್ ಅಧಿಕಾರಿ. ಬಗ್ಗಿ ನೋಡಿ ದಂಡ ಹಾಕುವ ಇಲಾಖೆಯವರು. ಅವರು ಒಂದು ಪುಟ್ಟ ಫೋರ್ಡ್ ಫೆಸ್ಟಿವಾ ಕಾರಿನ ಮೇಲೆ ಶೆವರ್ಲೆ ಕಮಾರೊ ಕಾರಿನ ಮೈಯನ್ನು ತಲೆಕೆಳಗಾಗಿ ಕೂರಿಸಿದರು. ಚಾವಣಿ ನೆಲದ ಹತ್ತಿರ, ಚಕ್ರಗಳು ಆಕಾಶಕ್ಕೆ. ಅಪಘಾತವಾಗಿ ಮಗುಚಿ ಬಿದ್ದ ಕಾರು ಹಾಗೇ ಜಾರಿಕೊಂಡು ರೇಸ್ ಮಾಡುತ್ತಿದೆ ಅನ್ನಿಸಬೇಕು. ಇನ್ನೊಮ್ಮೆ ಸೆಸ್ನಾ ವಿಮಾನದ ಮೈಯನ್ನು ಟೊಯೊಟಾ ವ್ಯಾನಿನ ಮೇಲೆ ಕೂರಿಸಿ ಟ್ರ್ಯಾಕಿಗೆ ಇಳಿಸಿದರು. ಎರಡೂ ಓಡಿದವು.

ಆ ಮಗುಚಿದ ಕಾರಿನ ಫೋಟೊವನ್ನು ಗೆಳೆಯನಿಗೆ ತೋರಿಸಿದೆ. ನಗುತ್ತಾನೆ ಅಂದುಕೊಂಡಿದ್ದೆ. ಅವನು ಮೊಬೈಲನ್ನು ಹತ್ತಿರ ಹಿಡಿದ, ಫೋಟೊ ದೊಡ್ಡದು ಮಾಡಿದ, ಕಾರಿಗೂ ರಸ್ತೆಗೂ ನಡುವಿನ ಜಾಗವನ್ನು ತುಂಬ ಹೊತ್ತು ನೋಡಿದ.

'ಚೆನ್ನಾಗಿದೆ' ಅಂದ. 'ಇನ್ನೊಂದಿಂಚು ಇಳಿಸಬಹುದಿತ್ತು.'