ಮಲಗಿಸಿಟ್ಟ ಬಾಟಲಿ

ನಾನು ಊರಿಗೆ ಹೋಗಿ ಬರುವಷ್ಟರಲ್ಲಿ ಭಾವಮೈದ ನನ್ನ ಕಪಾಟು ಜೋಡಿಸಿಟ್ಟಿದ್ದಾನೆ. ಚೆಂದ ಕಾಣಲಿ ಅಂತ ಹತ್ತೂ ವಿಸ್ಕಿ ಬಾಟಲಿಗಳನ್ನು ಅಡ್ಡಡ್ಡ ಮಲಗಿಸಿ! "ವೈನ್ ಹಿಂಗೇ ಇಡ್ತಾರಲ್ಲ ಭಾವ?" ಅಯ್ಯಾ ಪುಣ್ಯಾತ್ಮ, ವೈನಿನ ಬಿರಡೆ ಒಣಗಬಾರದು, ಅದಕ್ಕೆ ಮಲಗಿಸ್ತಾರೆ. ವಿಸ್ಕಿಯ ಖಾರ ಬಿರಡೆಯನ್ನೇ ತಿಂದುಹಾಕತ್ತೆ, ನಿಲ್ಲಿಸಿಯೇ ಇಡಬೇಕು. ತಿಂಗಳುಗಟ್ಟಲೆ ಇವನು ಅದನ್ನು ಹೇಳಲೂ ಇಲ್ಲ, ನಾನು ಕಪಾಟು ತೆಗೆಯಲೂ ಇಲ್ಲ. ನಿನ್ನೆ ಅಮೃತ್ ಫ್ಯೂಷನ್ ವಿಸ್ಕಿ ತೆರೆಯಲು ಹೋದರೆ ಬಿರಡೆ ಅರ್ಧಕ್ಕೆ ಮುರಿದು ಚೂರುಚೂರಾಗಿ ಒಳಗೆ ಬಿತ್ತು. ಒಂದೇ ಭಟ್ಟಿಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ ಇಳಿಸಿದ ಸಿಂಗಲ್ ಮಾಲ್ಟನ್ನು ಟೀ ಜರಡಿಯಲ್ಲಿ ಸೋಸಿದ ಮನುಷ್ಯ ನಾನು.

ಸರಿ, ಸೋಸಿದ್ದಾಯ್ತು. ಇವನು ತನ್ನ ಲೋಟಕ್ಕೆ ಬಗ್ಗಿಸಿಕೊಂಡು ಮೇಲೆ ಕೋಲಾ ಸುರಿದ. "ಬೆಂಗಳೂರಿಂದೇ ತಾನೆ, ಯಾಕಿಷ್ಟು ಬಿಲ್ಡಪ್ಪು?"

ಬೆಂಗಳೂರಿಂದೇ ಕಣಪ್ಪ! 2004ರಲ್ಲಿ ಅಮೃತ್‌ನವರು ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಮಾರಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ಸ್ಕಾಚಿನವರ ಅಂಗಳದಲ್ಲೇ. ಅಲ್ಲಿನ ಚಳಿಗೆ, ವಿಸ್ಕಿ ಹಣ್ಣಾಗಲು ಇಟ್ಟ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾಗತ್ತೆ, ದೇವತೆಗಳ ಪಾಲು ಅಂತಾರೆ ಅದಕ್ಕೆ. ನಮ್ಮಲ್ಲಿ 10ರಿಂದ 12%. ಇಲ್ಲಿನ ದೇವತೆಗಳು ಅಷ್ಟು ಕುಡಿದು ಬಿಟ್ಟದ್ದಕ್ಕೆ ಇವನ ಕೋಲಾ. ಫ್ಯೂಷನ್‌ನ ಆ ಸಣ್ಣ ಹೊಗೆವಾಸನೆ, ಸ್ಕಾಟ್ಲೆಂಡಿನ ಬಾರ್ಲಿಯದ್ದು, ಸಕ್ಕರೆ ನೀರಲ್ಲಿ ಮುಳುಗಿ ಸತ್ತಿತು.

ಬಾಟಲಿ ಬಂದ ಡಬ್ಬವಾದರೂ ಇರಲಿ ಅಂತ ಹುಡುಕಿದೆ. ಹಳೇ ಪೇಪರಿನವನಿಗೆ ಹೋಗಿದೆಯಂತೆ. ಬಾಟಲಿ ಖಾಲಿಯಾಗುವುದನ್ನೇ ಕಾಯುತ್ತಾ ಹೆಂಡತಿ ಮನಿಪ್ಲಾಂಟಿನ ಕಡ್ಡಿ ಹಿಡಿದು ನಿಂತಿದ್ದಾಳೆ.