ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬಾಸ್ಕೆಟ್‌ಬಾಲ್ ಟೀಮ್ ಡೆಟ್ರಾಯಿಟ್ ಪಿಸ್ಟನ್ಸ್ ಎಷ್ಟು ಸಲ ಚಾಂಪಿಯನ್ ಆಗಿದೆ ಅಂತ ಕೇಳಿದರೆ, ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವವರು ಥಟ್ಟಂತ ಮೂರು ಅನ್ನುತ್ತಾರೆ. 1989, 1990, 2004. ನನ್ನ ಪ್ರಕಾರ ಐದು. 1944 ಮತ್ತು 1945 ಕೂಡ ಸೇರಬೇಕು. ಸುಮ್ನೆ ಜಗಳ ತೆಗೆಯುವುದಕ್ಕೆ ಹೇಳುತ್ತಿಲ್ಲ, ಪೂರ್ತಿ ಓದಿ.

ಆಗ ಈ ಟೀಮ್ ಡೆಟ್ರಾಯಿಟ್‌ನದ್ದಲ್ಲ. ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಊರಿನದ್ದು. ಫ್ರೆಡ್ ಝೋಲ್ನರ್ ಎಂಬುವರಿಗೆ ಅಲ್ಲಿ ಇಂಜಿನ್ ಪಿಸ್ಟನ್ ಮಾಡುವ ಕಾರ್ಖಾನೆ ಇತ್ತು. ಕಾರ್ಖಾನೆಗೊಂದು ಟೀಮ್, ಹೆಸರು ಝೋಲ್ನರ್ ಪಿಸ್ಟನ್ಸ್. ಕಾರುಗಳ ಊರು ಡೆಟ್ರಾಯಿಟ್‌ಗೆ ಒಪ್ಪಲಿ ಅಂತ ಇಟ್ಟ ಹೆಸರು ಅಂದುಕೊಂಡವರೇ ಜಾಸ್ತಿ. ಅದು ಬರೀ ಕಾಕತಾಳೀಯ.

ಆ ಕಾಲದಲ್ಲಿ ಇದು ವಿಚಿತ್ರ ಅಲ್ಲ. 1937ರಲ್ಲಿ ಶುರುವಾದ ನ್ಯಾಷನಲ್ ಬಾಸ್ಕೆಟ್‌ಬಾಲ್ ಲೀಗ್ (ಎನ್‌ಬಿಎಲ್) ಹಿಂದೆ ಇದ್ದದ್ದೇ ಗುಡ್‌ಇಯರ್, ಫೈರ್‌ಸ್ಟೋನ್, ಜನರಲ್ ಎಲೆಕ್ಟ್ರಿಕ್‌ನಂಥ ಕಂಪನಿಗಳು. ಆಟಗಾರ ಅದೇ ಕಂಪನಿಯ ನೌಕರ. ಸಂಬಳ ಕಾರ್ಖಾನೆಯದ್ದು, ಹೆಸರು ಕೋರ್ಟಿನದ್ದು. ಪೂರ್ತಿ ವೃತ್ತಿಪರರೂ ಅಲ್ಲ, ಬರೀ ಹವ್ಯಾಸಿಗಳೂ ಅಲ್ಲ. ಶೆಬಾಯ್ಗನ್, ಆಶ್‌ಕಾಶ್‌ನಂಥ ಸಣ್ಣ ಊರುಗಳೂ ಇದ್ದ ಲೀಗ್ ಅದು.

ಝೋಲ್ನರ್ 1941ರಲ್ಲಿ ಈ ಲೀಗ್‌ಗೆ ಬಂದರು, ಒಳ್ಳೇ ಆಟಗಾರರನ್ನು ಹುಡುಕಿ ತಂದರು. ಅವರಲ್ಲಿ ಬಾಬಿ ಮ್ಯಾಕ್‌ಡರ್ಮಟ್ ದೊಡ್ಡ ಹೆಸರು. ನಿಂತಲ್ಲಿಂದಲೇ, ಎರಡೂ ಕೈಯಲ್ಲಿ, ತುಂಬಾ ದೂರದಿಂದ ಬುಟ್ಟಿಗೆ ಹಾಕುತ್ತಿದ್ದವರು. 1944, 1945 ಎರಡೂ ವರ್ಷ ಲೀಗ್ ಕಪ್ ಫೋರ್ಟ್ ವೇನ್‌ಗೆ ಬಂತು. ಶಿಕಾಗೋದಲ್ಲಿ ನಡೆಯುತ್ತಿದ್ದ ವರ್ಲ್ಡ್ ಪ್ರೊಫೆಷನಲ್ ಟೂರ್ನಮೆಂಟನ್ನು 1944ರಿಂದ 1946ರವರೆಗೆ ಸತತ ಮೂರು ಸಲ ಗೆದ್ದರು.

"ಯುದ್ಧದ ಕಾಲ, 1944ರಲ್ಲಿ ಲೀಗ್‌ನಲ್ಲಿ ಇದ್ದದ್ದೇ ನಾಲ್ಕು ಟೀಮ್, ಅದೂ ಒಂದು ಕಪ್ಪಾ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಎನ್‌ಬಿಎ ತನ್ನ ಲೆಕ್ಕದಿಂದ ಎನ್‌ಬಿಎಲ್ ಕಪ್‌ಗಳನ್ನು ಬಿಟ್ಟಿರುವುದು ಆ ಕಾರಣಕ್ಕಲ್ಲ. ಯುದ್ಧ ಮುಗಿದ ಮೇಲೆ ಗೆದ್ದವರದ್ದೂ ಲೆಕ್ಕಕ್ಕಿಲ್ಲ.

1946ರಲ್ಲಿ ದೊಡ್ಡ ಊರುಗಳ ಐಸ್ ಹಾಕಿ ಅಂಗಣಗಳ ಮಾಲೀಕರು ಸೇರಿ ಬಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ (ಬಿಎಎ) ಅಂತ ಬೇರೆ ಲೀಗ್ ಮಾಡಿದರು. ಅವರ ಹತ್ತಿರ ದೊಡ್ಡ ಹಾಲ್‌ಗಳಿದ್ದವು. ಎನ್‌ಬಿಎಲ್ ಹತ್ತಿರ ಆಟಗಾರರಿದ್ದರು. 1948ರಲ್ಲಿ ಫೋರ್ಟ್ ವೇನ್, ಮಿನಿಯಾಪೊಲಿಸ್, ರೋಚೆಸ್ಟರ್, ಇಂಡಿಯಾನಾಪೊಲಿಸ್ ಟೀಮ್‌ಗಳು ಆ ಕಡೆ ಹಾರಿದವು. 1949ರ ಆಗಸ್ಟ್‌ನಲ್ಲಿ ಎರಡೂ ಲೀಗ್ ಸೇರಿ ಎನ್‌ಬಿಎ ಆಯಿತು. ಮಾತುಕತೆ ನಡೆದದ್ದು ಝೋಲ್ನರ್ ಮನೆಯ ಅಡುಗೆಮನೆ ಮೇಜಿನ ಮೇಲೆ ಅಂತ ಹೇಳುತ್ತಾರೆ.

ನನಗೆ ಸಿಟ್ಟು ಬರುವುದು ಇಲ್ಲಿ. ಎರಡು ಲೀಗ್ ಕೂಡಿ ಹುಟ್ಟಿದ ಸಂಸ್ಥೆ, ಹುಟ್ಟಿದ ವರ್ಷ ಬರೆದುಕೊಳ್ಳುವಾಗ ಒಂದರದ್ದು ಮಾತ್ರ ತೆಗೆದುಕೊಂಡಿತು: 1946. ಹಾಗಾಗಿ ಫಿಲಡೆಲ್ಫಿಯಾ ವಾರಿಯರ್ಸ್ 1947ರಲ್ಲಿ ಗೆದ್ದ ಬಿಎಎ ಕಪ್ ಎನ್‌ಬಿಎ ಕಪ್ ಆಗಿಬಿಟ್ಟಿತು. ಆಗ ಎನ್‌ಬಿಎ ಅನ್ನುವ ಹೆಸರೇ ಇರಲಿಲ್ಲ, ಅಲ್ವಾ? ಎನ್‌ಬಿಎಲ್‌ನ 12 ವರ್ಷ ಮಾತ್ರ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಹೋಗಿದ್ದು ಬರೀ ಕಪ್‌ಗಳಲ್ಲ. 1942ರಲ್ಲೇ ಎನ್‌ಬಿಎಲ್‌ನ ಟೊಲೀಡೊ ಮತ್ತು ಶಿಕಾಗೋ ಟೀಮ್‌ಗಳಲ್ಲಿ ಕಪ್ಪು ಆಟಗಾರರಿದ್ದರು. 1948-49ರಲ್ಲಿ ಡೇಟನ್ ರೆನ್ಸ್ ಅನ್ನುವ, ಪೂರ್ತಿ ಕಪ್ಪು ಆಟಗಾರರದ್ದೇ ಟೀಮ್ ಆಡಿತು. ಎನ್‌ಬಿಎ ಕೋರ್ಟ್‌ಗೆ ಕಪ್ಪು ಆಟಗಾರರು ಬಂದದ್ದು 1950ರಲ್ಲಿ. ಹಳೇ ಲೀಗನ್ನು ಪಕ್ಕಕ್ಕಿಟ್ಟರೆ ಈ ಕಥೆಯೂ ಎಂಟು ವರ್ಷ ತಡವಾಗಿ ಶುರುವಾಗುತ್ತದೆ.

ಎನ್‌ಬಿಎಗೆ ಹೋದ ಮೇಲೂ ಫೋರ್ಟ್ ವೇನ್ ಸುಮ್ಮನಿರಲಿಲ್ಲ. 1950ರ ನವೆಂಬರ್ 22, ಎದುರಾಳಿ ಮಿನಿಯಾಪೊಲಿಸ್ ಲೇಕರ್ಸ್. ಅವರಲ್ಲಿ ದೈತ್ಯ ಜಾರ್ಜ್ ಮೈಕನ್. ಅವರ ಕೈಗೆ ಬಾಲ್ ಸಿಕ್ಕರೆ ಕಥೆ ಮುಗಿಯಿತು. ಹಾಗಾದರೆ ಬಾಲನ್ನೇ ಕೊಡಬಾರದು! ಪಿಸ್ಟನ್ಸ್ ಆಟಗಾರರು ಬಾಲ್ ಹಿಡಿದು ನಿಂತರು. ಒಂದು ಪಾಸ್, ಮತ್ತೆ ನಿಲ್ಲುವುದು. ಟಿಕೆಟ್ ಕೊಟ್ಟು ಬಂದವರು ಕೂಗಿ ಬೈದರು. ನಾಲ್ಕನೇ ಕ್ವಾರ್ಟರ್‌ನಲ್ಲಿ ಎರಡೂ ಕಡೆ ಸೇರಿ ನಾಲ್ಕೇ ಪಾಯಿಂಟ್. ಕೊನೇ ಸೆಕೆಂಡುಗಳಲ್ಲಿ ಲ್ಯಾರಿ ಫೌಸ್ಟ್ ಬಾಲ್ ಬುಟ್ಟಿಗೆ ಹಾಕಿದರು, 19-18. ಲೇಕರ್ಸ್‌ನ 18ರಲ್ಲಿ 15 ಮೈಕನ್‌ದೇ. ಎನ್‌ಬಿಎಯಲ್ಲಿ ಇವತ್ತಿಗೂ ಅತಿ ಕಡಿಮೆ ಸ್ಕೋರಿನ ಆಟ ಇದೇ. 1954ರಲ್ಲಿ 24 ಸೆಕೆಂಡ್ ಗಡಿಯಾರ (ಬಾಲ್ ಸಿಕ್ಕ ಟೀಮ್ ಅಷ್ಟರೊಳಗೆ ಬುಟ್ಟಿಗೆ ಎಸೆಯಲೇಬೇಕು ಅನ್ನುವ ನಿಯಮ) ಬಂದದ್ದಕ್ಕೆ ಇಂಥ ಆಟಗಳೇ ಕಾರಣ. ನೋಡುವವರಿಗೆ ಬೋರ್ ಹೊಡೆದಿರಬಹುದು, ನನಗೆ ಮಾತ್ರ ಆ ತಲೆ ಇಷ್ಟ.

1952ರಲ್ಲಿ ಝೋಲ್ನರ್ ಟೀಮಿಗಂತಲೇ ಡಿಸಿ-3 ವಿಮಾನ ಕೊಂಡರು. ಅದೇ ವರ್ಷ ಊರಲ್ಲಿ ಕೊಲಿಸಿಯಂ ಅನ್ನುವ ದೊಡ್ಡ ಒಳಾಂಗಣ ಕ್ರೀಡಾಂಗಣ ಎದ್ದಿತು. 1955ರಲ್ಲಿ ಟೀಮ್ ಎನ್‌ಬಿಎ ಫೈನಲ್ ತಲುಪಿತು. ಆಗ ಕೊಲಿಸಿಯಂ ಖಾಲಿ ಇಲ್ಲ! ಬೌಲಿಂಗ್ (ಚೆಂಡು ಉರುಳಿಸಿ ಪಿನ್ ಬೀಳಿಸುವ ಆಟ) ಟೂರ್ನಮೆಂಟ್‌ಗೆ ಮೊದಲೇ ಬುಕ್ ಆಗಿತ್ತು. ತವರಿನ ಆಟಗಳನ್ನು ಇಂಡಿಯಾನಾಪೊಲಿಸ್‌ನಲ್ಲಿ ಆಡಿ, ಮೂರೂ ಗೆದ್ದು, ಕೊನೆಗೆ ಏಳನೇ ಆಟದಲ್ಲಿ ಸಿರಕ್ಯೂಸ್‌ಗೆ 92-91ರಿಂದ ಸೋತರು. 17 ಪಾಯಿಂಟ್ ಮುಂದಿದ್ದ ಆಟ ಅದು. ಓದುವಾಗ ನನಗೇ ಹೊಟ್ಟೆ ಉರಿಯುತ್ತದೆ.

1957ರಲ್ಲಿ ಟೀಮ್ ಡೆಟ್ರಾಯಿಟ್‌ಗೆ ಹೋಯಿತು. ಇದಕ್ಕೆ ನಾನು ಝೋಲ್ನರ್ ಅವರನ್ನು ಬೈಯುವುದಿಲ್ಲ. ಲೀಗ್ ಬೆಳೆಯಲಿ ಅಂತ ಕೈಯಿಂದ ದುಡ್ಡು ಹಾಕಿದವರು ಅವರು. ಬೆಳೆದ ಲೀಗ್‌ಗೆ ಅವರ ಊರೇ ಸಣ್ಣದಾಯಿತು. ರೋಚೆಸ್ಟರ್ ಟೀಮ್ ಕೂಡ ಅದೇ ವರ್ಷ ಸಿನ್ಸಿನಾಟಿಗೆ ಹೊರಟಿತು, 1963ರಲ್ಲಿ ಸಿರಕ್ಯೂಸ್ ಫಿಲಡೆಲ್ಫಿಯಾಗೆ. ಊರು ಬಿಟ್ಟದ್ದಕ್ಕೆ ತಕರಾರಿಲ್ಲ. ಊರಲ್ಲಿ ಗೆದ್ದದ್ದನ್ನು ಅಳಿಸಿದ್ದಕ್ಕೆ ತಕರಾರು.

ಎನ್‌ಬಿಎಲ್ ಕಪ್‌ಗಳನ್ನು ಸೇರಿಸಿದರೆ ಏನಾಗುತ್ತದೆ ನೋಡಿ. ಪಿಸ್ಟನ್ಸ್‌ಗೆ ಐದು. ಆ ರೋಚೆಸ್ಟರ್ ಟೀಮೇ ಇವತ್ತಿನ ಸ್ಯಾಕ್ರಮೆಂಟೊ ಕಿಂಗ್ಸ್; 1946ರಲ್ಲಿ ರೋಚೆಸ್ಟರ್‌ನಲ್ಲಿ ಗೆದ್ದದ್ದು ಸೇರಿ ಅವರಿಗೆ ಒಂದರ ಬದಲು ಎರಡು. ಲೇಕರ್ಸ್ 1948ರಲ್ಲಿ ಎನ್‌ಬಿಎಲ್ ಗೆದ್ದಿತ್ತು, ಅವರ 17 ಹೋಗಿ 18 ಆಗುತ್ತದೆ. ಅಂದರೆ 2024ರಲ್ಲಿ 18ನೇ ಕಪ್ ಎತ್ತಿ ಎದೆಯುಬ್ಬಿಸಿಕೊಂಡು ಓಡಾಡುತ್ತಿರುವ ಬೋಸ್ಟನ್ ಸೆಲ್ಟಿಕ್ಸ್ ಜೊತೆ ಸಮ. ಸೆಲ್ಟಿಕ್ಸ್ ಅಭಿಮಾನಿಗಳು ಇದಕ್ಕೆ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ ಅಂತ ಗೊತ್ತು.