ಒಂದೂವರೆ ಅಡಿಯ ಕರುಣೆ

ದಾನ ಕೊಡುವುದು ಕಷ್ಟವಲ್ಲ, ಯಾರಿಗೆ ಕೊಡುವುದು ಎನ್ನುವುದೇ ಕಷ್ಟ. ಗೋಶಾಲೆಗೋ, ಬೀದಿನಾಯಿಗೋ, ಅನಾಥಾಶ್ರಮಕ್ಕೋ, ನೆರೆ ಬಂದ ಊರಿಗೋ? ಶಿವಮೊಗ್ಗದಲ್ಲಿ ಈ ಧರ್ಮಸಂಕಟವನ್ನು ಫ್ಲೆಕ್ಸ್ ಅಂಗಡಿಯವರು ಎಂದೋ ಬಗೆಹರಿಸಿಬಿಟ್ಟಿದ್ದಾರೆ. ಆರಡಿ ಅಗಲ, ನಾಲ್ಕಡಿ ಎತ್ತರದ ಫ್ಲೆಕ್ಸಿನಲ್ಲಿ ನಡುಮಧ್ಯೆ ದಾನಿ, ನೆತ್ತಿಯ ಮೇಲೆ ಸಾಲಾಗಿ ನಾಯಕರು, ಕಾಲ ಬುಡದಲ್ಲಿ ಶುಭ ಕೋರುವ ಗೆಳೆಯರ ಬಳಗ. ಇಷ್ಟೆಲ್ಲ ತುಂಬಿದ ಮೇಲೆ ಬಲಮೂಲೆಯಲ್ಲಿ ಒಂದೂವರೆ ಅಡಿ ಉಳಿಯುತ್ತದೆ. ಆ ಜಾಗದಲ್ಲಿ ಯಾವ ಜೀವ ಚೆಂದ ಕಾಣುತ್ತದೋ ಅದಕ್ಕೆ ಈ ವರ್ಷದ ದಾನ.

ಅಳತೆಗೆ ಸರಿಯಾಗಿ ಒಗ್ಗುವುದು ಹಸು. ಹುಟ್ಟುಹಬ್ಬದ ಬೆಳಿಗ್ಗೆ ಐದು ಕಾರಿನಲ್ಲಿ ಗೋಶಾಲೆಗೆ ಹೋಗಿ ಬೆಲ್ಲ, ಬಾಳೆಹಣ್ಣು, ಬುಟ್ಟಿಗಟ್ಟಲೆ ಅನ್ನ, ಹಿಂದಿನ ದಿನದ ಹೋಳಿಗೆ ತಿನ್ನಿಸುವುದು ಪದ್ಧತಿ. ಹಸುವಿನ ಹೊಟ್ಟೆಯ ಮೊದಲ ಚೀಲದಲ್ಲಿರುವ ಸೂಕ್ಷ್ಮಜೀವಿಗಳಿಗೆ ನಾರು ಕರಗಿಸಿ ಅಭ್ಯಾಸ. ಅವುಗಳ ಮೇಲೆ ಒಮ್ಮೆಗೇ ಅನ್ನ, ಬೆಲ್ಲ ಸುರಿದರೆ ಹುಳಿ ಏರುತ್ತದೆ, ಮೆಲುಕು ನಿಲ್ಲುತ್ತದೆ, ಭೇದಿ ಹಿಡಿಯುತ್ತದೆ, ಹಸು ಮಲಗಿಬಿಡುತ್ತದೆ. ಅಷ್ಟು ಹೊತ್ತಿಗೆ ಕಾರುಗಳು ಊರು ಸೇರಿರುತ್ತವೆ. ರಾತ್ರಿ ಅಡುಗೆ ಸೋಡಾ ಕದಡಿ ಕುಡಿಸುತ್ತ ಕೂರುವವರು ಗೋಶಾಲೆಯ ಆಳುಗಳು.

ಅವರನ್ನೇ ಕೇಳಿದ್ದರೆ ಲೆಕ್ಕ ಹೇಳುತ್ತಿದ್ದರು. ಮಲೆನಾಡು ಗಿಡ್ಡ ದೊಡ್ಡ ಹೊಟ್ಟೆಯ ತಳಿಯಲ್ಲ. ನೂರು ಕೆಜಿ ತೂಗುವ ಹಸುವಿಗೆ ದಿನಕ್ಕೆ ಸುಮಾರು ಮೂರು ಕೆಜಿ ಒಣಮೇವು ಸಾಕು. ನೂರು ಹಸು ಇದ್ದರೆ ದಿನಕ್ಕೆ ಮೂರು ಕ್ವಿಂಟಾಲ್, ಮಳೆಗಾಲದ ನಾಲ್ಕು ತಿಂಗಳಿಗೆ 36 ಟನ್. ಇದನ್ನು ಭತ್ತದ ಕೊಯ್ಲು ಮುಗಿದು ಹುಲ್ಲು ಅಗ್ಗವಾಗಿ ಸಿಗುವ ಜನವರಿ, ಫೆಬ್ರವರಿಯಲ್ಲೇ ಕೊಳ್ಳಬೇಕು, ನೆಲದ ಪಸೆ ತಾಗದಂತೆ ಅಡಿಗೆ ಮರದ ಹಲಗೆ ಕೊಟ್ಟು ಒಟ್ಟಬೇಕು, ಮೇಲೆ ತಾಡಪಾಲು ಬಿಗಿಯಬೇಕು. ಬೂಷ್ಟು ಹಿಡಿದರೆ ಗೊಬ್ಬರದ ಗುಂಡಿಗೇ. ಆದರೆ ಹುಲ್ಲಿನ ಬಣವೆಯ ಪಕ್ಕ ನಿಂತ ದಾನಿ ಫ್ಲೆಕ್ಸಿನಲ್ಲಿ ಹುಲ್ಲು ಮಾರಲು ಬಂದವನಂತೆ ಕಾಣುತ್ತಾನೆ. ಹಾಗಾಗಿ ಬೆಲ್ಲವೇ ಗತಿ.

ನಾಯಿಯ ಪಾಡು ಇನ್ನೂ ಕಷ್ಟ. ಬಿಸ್ಕತ್ತು ತಿನ್ನುವ ಮರಿಗೆ ಮೂಲೆಯ ಜಾಗ ಸಿಗುತ್ತದೆ; ಮೇಜಿನ ಮೇಲೆ ನಾಲಿಗೆ ಚಾಚಿ ಅರಿವಳಿಕೆಯಲ್ಲಿ ಮಲಗಿದ ಅದರ ತಾಯಿಗೆ ಸಿಗುವುದಿಲ್ಲ. ಕೆಲಸ ಇರುವುದು ತಾಯಿಯ ಹತ್ತಿರ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ದಾರಿ ಹೀಗಿದೆ: ಹಿಡಿಯುವುದು, ಶಸ್ತ್ರಚಿಕಿತ್ಸೆ, ರೇಬಿಸ್ ಲಸಿಕೆ, ಗುರುತಿಗೆ ಕಿವಿಯ ತುದಿ ಕತ್ತರಿಸುವುದು, ಹೊಲಿಗೆ ಮಾಯುವವರೆಗೆ ಆರೈಕೆ, ಆಮೇಲೆ ಹಿಡಿದ ಜಾಗದಲ್ಲೇ ಬಿಡುವುದು. ಈ ಕೊನೆಯ ಹಂತಕ್ಕೆ ಬಂದಾಗ ದಾನಿಯ ಮುಖ ಸಣ್ಣಗಾಗುತ್ತದೆ. ‘ನಾನು ದುಡ್ಡು ಕೊಟ್ಟಿದ್ದೇ ನಮ್ಮ ಬೀದಿಯಿಂದ ಸಾಗಿಸಲಿ ಅಂತ ಕಣ್ರೀ.’ ಸಾಗಿಸಿದರೆ ಖಾಲಿಯಾದ ಜಾಗಕ್ಕೆ ಪಕ್ಕದ ಬಡಾವಣೆಯ, ಚಿಕಿತ್ಸೆಯಾಗದ ನಾಯಿಗಳು ಬರುತ್ತವೆ. ವಿನೋಬನಗರದಲ್ಲಿ ನಾಲ್ಕು, ದುರ್ಗಿಗುಡಿಯಲ್ಲಿ ಮೂರು ಎಂದು ಪ್ರಸಾದದ ಹಾಗೆ ಹಂಚಿದರೂ ಉಪಯೋಗವಿಲ್ಲ. ಒಂದೇ ವಾರ್ಡು ಹಿಡಿದು ನೂರಕ್ಕೆ 70 ನಾಯಿಗಳಿಗಾದರೂ ಶಸ್ತ್ರಚಿಕಿತ್ಸೆ ಮುಗಿಸದೆ ಇನ್ನೊಂದಕ್ಕೆ ಹೋಗಬಾರದು. ಯಾವ ಸಂಸ್ಥೆಗೆ ಕೊಡಬೇಕೆಂದು ನಿಜವಾಗಿ ತಿಳಿಯಬೇಕಾದವರು ಕೇಳಬೇಕಾದ್ದು ಇದನ್ನೇ: ಯಾವ ವಾರ್ಡು, ಒಟ್ಟು ಎಷ್ಟು ನಾಯಿ, ಎಷ್ಟರ ಕಿವಿ ಕತ್ತರಿಸಿದೆ, ಶಸ್ತ್ರಚಿಕಿತ್ಸೆಯ ಆಮೇಲೆ ಸತ್ತದ್ದೆಷ್ಟು. ಕೊನೆಯ ಪ್ರಶ್ನೆಗೆ ‘ಒಂದೂ ಇಲ್ಲ’ ಎಂದವರನ್ನು ಸ್ವಲ್ಪ ಅನುಮಾನದಿಂದ ನೋಡಿ.

ನಮ್ಮವರು ಕೇಳುವುದು ಬೇರೆ: ‘ಆಡಳಿತ ವೆಚ್ಚ ಎಷ್ಟು?’ ಸೊನ್ನೆ ಎಂದರೆ ಚೆಕ್ಕು. ರೇಬಿಸ್ ಲಸಿಕೆ ಎರಡರಿಂದ ಎಂಟು ಡಿಗ್ರಿಯಲ್ಲೇ ಇರಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈನಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಬರುವುದು ಮೂರನೇ ದಿನವೋ ನಾಲ್ಕನೇ ದಿನವೋ. ಫ್ರಿಜ್ಜು ನಡೆಸುವ ಜನರೇಟರಿನ ಡೀಸೆಲ್ಲು ಆಡಳಿತ ವೆಚ್ಚ. ನಾಯಿ ಹಿಡಿಯುವವನ ಸಂಬಳ ಆಡಳಿತ ವೆಚ್ಚ. ವೈದ್ಯರದಂತೂ ಸೈಯೇ. ಇವರೆಲ್ಲ ಗಾಳಿ ಕುಡಿದು ಬದುಕುತ್ತಾರೆಂದು ಬರೆದುಕೊಡುವ ಸಂಸ್ಥೆ ಪ್ರಾಮಾಣಿಕ ಸಂಸ್ಥೆ.

ಮಂಗನ ವಿಷಯದಲ್ಲಿ ಕರುಣೆಗೆ ಎತ್ತರದ ಲೆಕ್ಕವಿದೆ. ಆಗುಂಬೆ ಘಾಟಿಯಲ್ಲಿ ಕೂತ ಮಂಗನಿಗೆ ಬಾಳೆಹಣ್ಣು, ಅದೇ ಕುಲದ್ದು ತೋಟಕ್ಕೆ ಇಳಿದರೆ ಗರ್ನಾಲು. ಹಣ್ಣಿನ ಆಸೆಗೆ ರಸ್ತೆಗೆ ಬಂದದ್ದು ತಿರುವಿನಲ್ಲಿ ಚಕ್ರದಡಿ ಸಾಯುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆ ಬಂತೆಂದರೆ ಜೀವ ತೆಗೆಯುತ್ತಿದೆ. ಕೊಟ್ಟಿಗೆಗೆ ಸೊಪ್ಪು, ತರಗೆಲೆ ತರಲು ಕಾಡಿಗೆ ಹೋಗುವವರು ಆ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಡೆಪಾ ತೈಲ ಹಚ್ಚಿಕೊಳ್ಳಬೇಕು, ಮೈತುಂಬ ಬಟ್ಟೆ ಹಾಕಬೇಕು, ಬಂದವರೇ ಬಿಸಿನೀರಲ್ಲಿ ಮಿಂದು ಬಟ್ಟೆ ನೆನೆಸಬೇಕು. ಇದನ್ನು ಮನೆಮನೆಗೆ ಹೋಗಿ ಹೇಳುವ ಆಶಾ ಕಾರ್ಯಕರ್ತೆಗೆ ಒಂದು ಜೊತೆ ಗಮ್‌ಬೂಟು ಕೊಡಿಸಿದ ಫ್ಲೆಕ್ಸು ಮಾತ್ರ ಎಲ್ಲೂ ಕಾಣುವುದಿಲ್ಲ.

ಮಾರ್ಚ್ ತಿಂಗಳ ಮಣ್ಣಿನ ಬಟ್ಟಲುಗಳನ್ನು ಮರೆಯಬಾರದು. ಹಕ್ಕಿಗೆ ನೀರೆಂದು ಮರಕ್ಕೆ ಕಟ್ಟಿ, ಫೋಟೋ ತೆಗೆಸಿ ಹೋದವರು ಮತ್ತೆ ಆ ಮರ ನೋಡುವುದಿಲ್ಲ. ದಿನಾ ನೀರು ಬದಲಿಸದೆ, ವಾರಕ್ಕೊಮ್ಮೆ ಒಳಮೈ ಉಜ್ಜದೆ ಬಿಟ್ಟರೆ ಎಂಟು–ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಡೆಂಗಿ ಹಿಡಿದು ಸರ್ಕಾರಿ ಆಸ್ಪತ್ರೆ ಸೇರಿದವನನ್ನೂ ದಾನಿ ಕೈಬಿಡುವುದಿಲ್ಲ, ಅಲ್ಲಿಗೂ ಹಣ್ಣು, ಬ್ರೆಡ್ ಹಿಡಿದು ಬರುತ್ತಾನೆ. ಪಕ್ಕದ ಮಂಚದ ಮೂತ್ರಪಿಂಡ ಕೆಟ್ಟ ರೋಗಿಗೆ ಎರಡು ಬಾಳೆಹಣ್ಣು, ಒಂದು ಎಳನೀರು. ಎರಡರಲ್ಲೂ ಆ ರೋಗಿ ದೂರವಿಡಬೇಕಾದ ಪೊಟ್ಯಾಸಿಯಂ. ನರ್ಸಮ್ಮ ಫೋಟೋ ಮುಗಿಯುವವರೆಗೆ ಕಾದು, ಆಮೇಲೆ ಎತ್ತಿಡುತ್ತಾರೆ.

ನೆರೆ ಬಂದಾಗ ಕಪಾಟು ಖಾಲಿ ಮಾಡುವ ಯೋಗ. ಆಷಾಢದಲ್ಲಿ ಉಟ್ಟ ಬಟ್ಟೆಯೇ ಒಣಗದ ಊರಿಗೆ ಲಾರಿಗಟ್ಟಲೆ ಹಳೆ ಸೀರೆ, ಒಂಟಿ ಚಪ್ಪಲಿ. ಅವರಿಗೆ ಬೇಕಾದದ್ದು ತಾಡಪಾಲು, ಬ್ಲೀಚಿಂಗ್ ಪುಡಿ, ಒಳಉಡುಪು, ದನಕ್ಕೆ ಹುಲ್ಲು. ಎಲ್ಲಕ್ಕಿಂತ ಹೆಚ್ಚಾಗಿ ನಗದು.

ಕೊನೆಗೆ ರಸೀದಿ. ‘80ಜಿ ಇದೆಯಾ?’ ಎಂದು, ಅಂದರೆ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಇದೆಯಾ ಎಂದು, ಕೇಳದ ದಾನಿಯಿಲ್ಲ. ಎರಡು ಸಾವಿರಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ವಿನಾಯಿತಿ ಸಿಗದು; ಬೆಲ್ಲ, ಬಾಳೆಹಣ್ಣು, ಹಳೆ ಸೀರೆಗೂ ಸಿಗದು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಆ ವಿನಾಯಿತಿಯೇ ಇಲ್ಲ. ಇದನ್ನೆಲ್ಲ ವಿವರಿಸಿ ಹೇಳಿದರೂ ‘ಇರಲಿ ಕೊಡಿ’ ಎಂದು ರಸೀದಿ ತೆಗೆದುಕೊಂಡು ಹೋಗುತ್ತಾರೆ, ಲ್ಯಾಮಿನೇಷನ್ ಮಾಡಿಸಲು.